ಕಂಡಿಕೆಯ ಬುಟ್ಟಿ

ಅನುಸೂಯಮ್ಮ ಮಾಡಿದ್ದು ಗಂಡನ ಮೇಲಿನ ಕನಿಕರದಿಂದಲೇ, ಅದರಲ್ಲಿ ಅನುಮಾನ ಬೇಡ.

ದೊಡ್ಡಬಳ್ಳಾಪುರದ ಅವರ ಬೀದಿಗೆ ಕರೆಂಟು ಮಗ್ಗ ಕಾಲಿಟ್ಟ ವರ್ಷ ಅದು. ರಾಮಾಂಜಿನಪ್ಪ ಮಾತ್ರ ಇನ್ನೂ ಕುಣಿಮಗ್ಗವನ್ನೇ ನೆಚ್ಚಿಕೊಂಡಿದ್ದ. ಕಾಲೆರಡನ್ನೂ ಕುಣಿಯೊಳಗೆ ಇಳಿಬಿಟ್ಟು ಬೆಳಗಿನಿಂದ ಸಂಜೆತನಕ ನೇಯುತ್ತಿದ್ದ. ಹೆಂಡತಿ ಹಿತ್ತಲ ಜಗಲಿಯಲ್ಲಿ ರಾಟೆ ತಿರುಗಿಸಿ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಲಾಳಿಯೊಳಗಿನ ಕಂಡಿಕೆ ಬರಿದಾದಾಗ ಅವನು ಎದ್ದು ಬಂದು ಎರಡು ಒಯ್ಯುವುದು ಮೊದಲಿನಿಂದ ಬಂದ ರೂಢಿ.

ಬಂದವನು ಸುಮ್ಮನೆ ಹೋಗುವ ಪೈಕಿಯಲ್ಲ. ಕೋಳಿಯನ್ನು ಬೈದು, ನುಗ್ಗೆಮರದಲ್ಲಿ ಕಾಯಿ ಎಷ್ಟು ಬಿಟ್ಟಿದೆ ಎಂದು ನೋಡಿ, "ಏನೇ, ರಾಟೆ ತಿರುಗಿಸ್ತಿದ್ಯಾ, ನಿದ್ದೆ ಹೊಡೀತಿದ್ಯಾ?" ಅಂತ ಅವಳನ್ನು ಕೆಣಕಿಯೇ ಒಳಗೆ ಹೋಗುತ್ತಿದ್ದ.

ಆಷಾಢದಲ್ಲಿ ಅವನ ಮಂಡಿ ನೋಯತೊಡಗಿತು. ಪಾಪ, ಇಷ್ಟು ಸಲ ಯಾಕೆ ಏಳಬೇಕು ಎಂದು ಅವಳು ಹಿಂದಿನ ಸಂಜೆಯೇ ಬುಟ್ಟಿ ತುಂಬ ಕಂಡಿಕೆ ಸುತ್ತಿ ಮಗ್ಗದ ಪಕ್ಕದಲ್ಲಿಟ್ಟಳು. ಊಟವೂ ಅಲ್ಲಿಗೇ ಹೋಯಿತು.

ನಾಲ್ಕೇ ದಿನಕ್ಕೆ ಅವನ ಮಾತು ನಿಂತಿತು. ಮುಂದಿನ ವಾರ ಮುದ್ದೆಯ ತಟ್ಟೆ ಗೋಡೆಗೆ ಬಡಿಯಿತು. ಮುಖವೆತ್ತದೆ ನೇಯುತ್ತಿದ್ದ, ಮಗ್ಗದ ಬಡಿತ ಮಾತ್ರ ದಿನೇದಿನೇ ಬಿರುಸಾಯಿತು. ಅನುಸೂಯಮ್ಮನಿಗೆ ಹೆದರಿಕೆಯಾಯಿತು. ಯಾರೋ ಮಾಟ ಮಾಡಿಸಿದ್ದಾರೆಂದುಕೊಂಡು ದೃಷ್ಟಿ ತೆಗೆದಳು, ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು. ಪುಣ್ಯಾತ್ಗಿತ್ತಿ, ಬುಟ್ಟಿಯನ್ನು ಇನ್ನಷ್ಟು ತುಂಬಿಸಿದಳು.

ಒಂದು ಮಧ್ಯಾಹ್ನ ಬಡಿತ ತಟ್ಟನೆ ನಿಂತಿತು. ಓಡಿ ಹೋಗಿ ನೋಡಿದರೆ, ಎಳೆ ಕತ್ತರಿಸುವ ಚೂರಿಯನ್ನು ತೊಡೆಗೆ ಒತ್ತಿ ಒತ್ತಿ ನೋಡುತ್ತಿದ್ದಾನೆ. ಪಂಚೆಯ ಮೇಲೆ ರಕ್ತದ ಕಲೆ.

"ಈ ಕಾಲು ನಂದೇನಾ ಅಂತ ನೋಡ್ತಿದ್ದೆ," ಅಂದ. "ಈ ಕುಣೀಲಿ ನನ್ನ ಹೂತ್ಬಿಟ್ಟೆ ಕಣೇ ನೀನು. ನಾನು ಬಿಸಿಲು ಕಂಡು ಎಷ್ಟು ದಿನ ಆಯ್ತು?"

ಚೂರಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಬುಟ್ಟಿಯನ್ನು ಬಾಚಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ರಾಟೆಯ ಮುಂದೆ ಕೂತು ಕೂಗಿದಳು.

"ಕಂಡಿಕೆ ಇಲ್ಲಿದೆ. ಬಂದು ತಗೊಂಡೋಗಿ."

ಆಮೇಲೆ ಗೋಡೆ ಹಿಡಿದು ನಡೆದು ಬರುವ ಹೆಜ್ಜೆ. ರಾಮಾಂಜಿನಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಕೋಳಿ ಕಾಲಿಗೆ ಅಡ್ಡ ಬಂದರೂ ಬೈಯಲಿಲ್ಲ. ಎರಡು ಕಂಡಿಕೆ ತೆಗೆದುಕೊಂಡು, ಚೂರಿಯನ್ನು ಅವಳ ಮಡಿಲಲ್ಲಿಟ್ಟ.

"ಇದನ್ನ ನೀನೇ ಇಟ್ಕೋ," ಅಂದ. "ಬೇಕಾದಾಗ ಎದ್ದು ಬಂದು ಕೇಳ್ತೀನಿ."