ಕ್ಲೊಟಿಲ್ಡಾ ಬಾಯಿ ಕಲಿಸಿದ ಪಾಪಗಳು

ರಾಬರ್ಟನ ಪಾಪನಿವೇದನೆಗೆ ನಲವತ್ತು ಸೆಕೆಂಡು ಧಾರಾಳ ಸಾಕಾಗುತ್ತಿತ್ತು. ಬಹರೈನಿನ ಮನಾಮಾದ ಇಗರ್ಜಿಯಲ್ಲಿ ಅವನ ಹಿಂದೆ ಸಾಲು ನಿಂತವರಿಗೆ ಅವನೆಂದರೆ ಬಲು ಪ್ರೀತಿ, ಮೊಣಕಾಲೂರಿದ್ದು ಕಾಣುವಷ್ಟರಲ್ಲಿ ಎದ್ದು ಬಂದಿರುತ್ತಿದ್ದ. ಇದರ ಹಿಂದೆ ಇದ್ದದ್ದು ಕಿನ್ನಿಗೋಳಿ ಕಡೆಯ ಕ್ಲೊಟಿಲ್ಡಾ ಬಾಯಿ. ಮೂವತ್ತೈದು ವರ್ಷಗಳ ಹಿಂದೆ ಊರಿನ ಮಕ್ಕಳಿಗೆ ಭಾನುವಾರಗಳಂದು ಧರ್ಮಪಾಠ ಹೇಳುತ್ತಿದ್ದ ಈ ಹೆಂಗಸು, ಮೊದಲ ಸಲ ಪಾಪನಿವೇದನೆಗೆ ಹೋಗುವ ಮಕ್ಕಳು ಪಾದ್ರಿಗಳೆದುರು ಬೆಬ್ಬೆಬ್ಬೆ ಎನ್ನಬಾರದೆಂದು ಐದು ಪಾಪಗಳನ್ನು ಬಾಯಿಪಾಠ ಮಾಡಿಸಿದ್ದರು. ತಂದೆತಾಯಿಯ ಮಾತು ಕೇಳಲಿಲ್ಲ. ಒಡಹುಟ್ಟಿದವರ ಜೊತೆ ಜಗಳ ಮಾಡಿದೆ. ಮೂರು ಸಲ ಸುಳ್ಳು ಹೇಳಿದೆ. ಪ್ರಾರ್ಥನೆಯಲ್ಲಿ ತೂಕಡಿಸಿದೆ. ಪಕ್ಕದ ಮನೆಯವರ ಪೇರಳೆ ಕದ್ದೆ. ಇಡೀ ಕ್ಲಾಸಿಗೆ ಇವೇ ಐದು. ಮರ ಹತ್ತಲು ಬಾರದ ಮಕ್ಕಳೂ ಅಂದು ಪೇರಳೆ ಕದ್ದವರೇ.

ಉಳಿದವರು ದೊಡ್ಡವರಾದರು, ಸ್ವಂತ ಪಾಪ ಮಾಡಿದರು, ಅದನ್ನು ಸ್ವಂತ ಮಾತಿನಲ್ಲಿ ಹೇಳಲು ಕಲಿತರು. ರಾಬರ್ಟ್ ಕಲಿಯಲೇ ಇಲ್ಲ. ಬಹರೈನಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು, ವಯಸ್ಸು ನಲವತ್ನಾಲ್ಕು, ತಲೆ ಮುಂದಿನಿಂದ ಬೋಳಾಗತೊಡಗಿತ್ತು. ಆದರೂ ತಿಂಗಳಿಗೊಮ್ಮೆ ಹೋಗಿ ಪಕ್ಕದ ಮನೆಯ ಪೇರಳೆಯನ್ನು ಮಾತ್ರ ಬಿಟ್ಟು ಉಳಿದ ನಾಲ್ಕನ್ನೂ ಕೊಂಕಣಿಯಲ್ಲಿ ಗಡಗಡ ಒಪ್ಪಿಸಿ, ಮೂರು ನಮೋ ಮರಿಯಾ ಜಪದ ಪ್ರಾಯಶ್ಚಿತ್ತ ತೆಗೆದುಕೊಂಡು ಹೊರಬರುತ್ತಿದ್ದ.

ಅವನು ನಿಜವಾಗಿ ಮಾಡುತ್ತಿದ್ದ ಪಾಪ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿ ಟಯರಿನ ಕೆಳಗೆ, ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು. ಒಂದು ಸ್ಟೀಲ್ ಫ್ಲಾಸ್ಕು, ಅದರ ತುಂಬ ವಿಸ್ಕಿ.

ಎರಡು ವರ್ಷದ ಹಿಂದೆ ಅವನು ಕುಡಿದು ಬುಸೈತೀನಿನ ತಮ್ಮ ಕಟ್ಟಡದ ಮೆಟ್ಟಿಲಲ್ಲಿ ಜಾರಿ ಬಿದ್ದು, ಅಕ್ಕಪಕ್ಕದವರು ಎತ್ತಿಕೊಂಡು ಬಂದು ಸೋಫಾದ ಮೇಲೆ ಮಲಗಿಸುವ ಹಾಗಾಗಿತ್ತು. ಹೆಂಡತಿ ಐವಿ ಆಸ್ಪತ್ರೆಯಲ್ಲಿ ನರ್ಸ್. ಗಾಯಕ್ಕೆ ಪಟ್ಟಿ ಕಟ್ಟಿದಳು, ಆಮೇಲೆ ಸದ್ದಿಲ್ಲದೆ ತನ್ನ ಮತ್ತು ಮಗಳ ಬಟ್ಟೆ ತೆಗೆದು ಪೆಟ್ಟಿಗೆಗೆ ತುಂಬತೊಡಗಿದಳು. ರಾಬರ್ಟ್ ಮನೆಯ ದೇವರ ಆಲ್ತಾರಿನ ಮೇಲೆ ಕೈಯಿಟ್ಟು, ಇನ್ನು ಒಂದು ಹನಿ ಮುಟ್ಟಿದರೆ ಕೇಳು ಎಂದು ಆಣೆ ಮಾಡಿದ. ಆ ಆಣೆ ಏಳು ವಾರ ಬಾಳಿತು. ಎಂಟನೇ ವಾರ ಕುಡಿತ ಮನೆಯಿಂದ ಹೊರಟು ಡಿಕ್ಕಿಗೆ ಹೋಗಿ ಸೇರಿಕೊಂಡಿತು.

ಸೀಫ್‌ನ ಒಂದು ಮಾಲ್‌ನಲ್ಲಿ ಏಸಿ ಮತ್ತು ಲಿಫ್ಟುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ನಾಲ್ಕು ಗಂಟೆಗೆ ಬಿಟ್ಟು, ಅರಾದ್‌ನಲ್ಲಿ ಸಮುದ್ರದ ಬದಿಗೆ ಕಾರು ನಿಲ್ಲಿಸಿ, ಮುಗಿಸಬೇಕಾದ್ದನ್ನು ಮುಗಿಸಿ, ಮನೆಯ ಕೆಳಗಿನ ಅಬ್ದುಲ್ ಹಕೀಂನ ಕೋಲ್ಡ್ ಸ್ಟೋರಿಗೆ, ಅಂದರೆ ದಿನಸಿ ಅಂಗಡಿಗೆ, ಹೋಗುತ್ತಿದ್ದ. ಅಲ್ಲಿ ಏಲಕ್ಕಿಯ ಸಣ್ಣ ಪೊಟ್ಟಣ. ಎರಡು ಕಾಯಿ ಜಗಿದುಕೊಂಡೇ ಲಿಫ್ಟು ಹತ್ತುತ್ತಿದ್ದ. ಪಾಪ, ಬಿಡಬೇಕೆಂದು ಅವನಿಗೆ ಆಸೆಯಿರಲಿಲ್ಲ ಎಂದಲ್ಲ. ಪ್ರತಿ ಪಾಪನಿವೇದನೆಯ ಮರುದಿನ ಫ್ಲಾಸ್ಕು ಖಾಲಿ ಮಾಡಿ ತೊಳೆದಿಡುತ್ತಿದ್ದ. ಮೂರನೇ ದಿನ ಕೈ ನಡುಗತೊಡಗಿದಾಗ ಮತ್ತೆ ತುಂಬಿಸುತ್ತಿದ್ದ. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತ್ತು. ಹೇಳಿಕೊಳ್ಳೋಣವೆಂದರೆ ಬಾಯಿಗೆ ಬರುತ್ತಿದ್ದದ್ದು ಕ್ಲೊಟಿಲ್ಡಾ ಬಾಯಿಯ ಪಟ್ಟಿ ಮಾತ್ರ.

ಹೀಗಿರುವಾಗ ಎರಡು ಸಾವಿರದ ಒಂಬತ್ತರ ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂತು. ಮಗಳು ಬ್ರಿಜಿಟ್‌ಗೆ ಒಂಬತ್ತು ವರ್ಷ, ಈಸ್ಟರ್ ಕಳೆದ ಮೇಲೆ ಅವಳ ಮೊದಲ ಪರಮಪ್ರಸಾದ. ಅದಕ್ಕೆ ಮುಂಚೆ ಮಕ್ಕಳಿಗೆಲ್ಲ ಮೊದಲ ಪಾಪನಿವೇದನೆ. ಬುಧವಾರ ಸಂಜೆ ಅವಳು ಊಟದ ಮೇಜಿನ ಮೇಲೆ ಪುಸ್ತಕದ ಹಾಳೆ ಹರಿದಿಟ್ಟುಕೊಂಡು ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ಮಾಡಿದ ಪಾಪಗಳನ್ನು ನೆನಪು ಮಾಡಿ ಬರೆದು ತರಬೇಕಂತೆ. ಐವಿ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ. ರಾಬರ್ಟ್ ಉತ್ಸಾಹದಿಂದ ತನ್ನ ಪಟ್ಟಿಯನ್ನು ಮಗಳಿಗೆ ದಾನ ಮಾಡಲು ಹೋದ. ಹುಡುಗಿ ಒಪ್ಪಲಿಲ್ಲ. ಜಗಳವಾಡಲು ತನಗೆ ಅಣ್ಣತಮ್ಮ ಯಾರೂ ಇಲ್ಲ, ಪೇರಳೆ ಎಂದರೆ ಯಾವುದೆಂದೇ ಸರಿಯಾಗಿ ಗೊತ್ತಿಲ್ಲ, ಮಾಡದ್ದನ್ನು ಹೇಳಿದರೆ ಅದೇ ಒಂದು ಸುಳ್ಳಾಗುತ್ತದೆ ಎಂದಳು. ಆಮೇಲೆ ತಾನೇ ಬರೆದದ್ದನ್ನು ಅವನ ಮುಂದೆ ತಳ್ಳಿದಳು.

ಮೂರು ಸಾಲು ಮಕ್ಕಳಾಟಿಕೆಯವು. ನಾಲ್ಕನೆಯದನ್ನು ಅವನು ಎರಡು ಸಲ ಓದಿದ. ‘ಪಪ್ಪನ ಕಷಾಯದ ವಿಷಯ ಮಮ್ಮಿಯಿಂದ ಮುಚ್ಚಿಟ್ಟೆ. ಇಪ್ಪತ್ತಮೂರು ಸಲ.’

ಶುಕ್ರವಾರಗಳಂದು ಐವಿಗೆ ಡ್ಯೂಟಿ. ಮಗಳನ್ನು ಧರ್ಮಪಾಠಕ್ಕೆ ಮನಾಮಾಕ್ಕೆ ಕರೆದೊಯ್ಯುವುದು, ಕರೆತರುವುದು ರಾಬರ್ಟನ ಪಾಲಿಗೆ. ಒಂದು ಶುಕ್ರವಾರ ಕ್ಲಾಸು ಬೇಗ ಬಿಟ್ಟು ಅವಳು ಕಾರಿನ ಹತ್ತಿರ ಬಂದಾಗ ಅವನು ಡಿಕ್ಕಿಯ ಮರೆಯಲ್ಲಿ ಫ್ಲಾಸ್ಕು ಎತ್ತಿ ಕುಡಿಯುತ್ತಿದ್ದ. ಕೆಮ್ಮಿಗೆ ಊರಿನ ಕಷಾಯ, ಮಮ್ಮಿ ನರ್ಸಲ್ಲವಾ, ಇಂಥದ್ದೆಲ್ಲ ಕಂಡರೆ ಬಯ್ಯುತ್ತಾಳೆ, ಹೇಳಬೇಡ ಎಂದಿದ್ದ. ಆಮೇಲೆ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಸೇತುವೆ ದಾಟಿ ಮನೆಗೆ ಬಂದಿದ್ದ. ಎರಡು ಗುಟುಕು ಏನು ಮಹಾ ಎಂದುಕೊಂಡಿದ್ದ. ಪ್ರತಿ ಶುಕ್ರವಾರವೂ ಹಾಗೆಯೇ ಅಂದುಕೊಂಡಿದ್ದ.

“ಇದನ್ನು ಬರೀಬೇಕೂಂತ ಇಲ್ಲ ಬಾಳಾ” ಎಂದ.

“ಗೊತ್ತಿದ್ದೂ ಒಂದು ಬಿಟ್ರೆ ಬಾಕಿ ಯಾವುದೂ ಕ್ಷಮೆ ಆಗುದಿಲ್ಲಾಂತ ಟೀಚರ್ ಹೇಳಿದ್ದಾರೆ” ಎಂದಳು ಬ್ರಿಜಿಟ್. “ಮತ್ತೆ ಪಪ್ಪಾ, ನೀನು ಕೆಮ್ಮಿದ್ದು ನಾನು ಒಂದು ದಿನವೂ ನೋಡಲಿಲ್ಲ.”

ಅವನು ಎದ್ದು ಹೋಗಿ ಬಚ್ಚಲಿನ ನಲ್ಲಿ ಬಿಟ್ಟು ನಿಂತ. ಮಾಡಿದ್ದು ತಾನು, ಹೊತ್ತುಕೊಂಡು ಹೋಗಿ ಒಪ್ಪಿಸುವುದು ಈ ಮಗು. ಅವಳ ಜನ್ಮದ ಮೊದಲ ಪಾಪನಿವೇದನೆ, ಅದರಲ್ಲೂ ಅಪ್ಪನ ಹೊಲಸು. ಇಪ್ಪತ್ತಮೂರು ಸಲ ಸತ್ತರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಶುಕ್ರವಾರ ಇಗರ್ಜಿಯ ಅಂಗಳ ಜಾತ್ರೆಯಾಗಿತ್ತು. ಮಲಯಾಳಿಗಳ ಸಾಲು, ಫಿಲಿಪಿನೋಗಳ ಸಾಲು, ಕೊಂಕಣಿಯವರದ್ದು ಅವರಷ್ಟು ಉದ್ದವಿಲ್ಲದ, ಆದರೆ ಮಾತು ಜೋರಿನ ಒಂದು ಸಾಲು. ಮಕ್ಕಳದ್ದು ಬೇರೆ ಸಾಲು, ಅದು ಸ್ವಲ್ಪ ತಡವಾಗಿ ಶುರು. ಫ್ಲಾಸ್ಕು ಡಿಕ್ಕಿಯಲ್ಲೇ ಇತ್ತು, ಬೆಳಗಿನಿಂದ ಮುಟ್ಟಿರಲಿಲ್ಲ. ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ನಿಂತಿದ್ದ.

ಪಾಪನಿವೇದನೆಯ ಪೀಠದಲ್ಲಿ ಕೂತಿದ್ದವರು ಹೊಸಬರು, ಫಾದರ್ ಲಾರೆನ್ಸ್, ಊರ ಕಡೆಯವರೇ, ಎಪ್ಪತ್ತರ ಹತ್ತಿರದ ಮುದುಕರು. ಹೇಳಬೇಕಾದ್ದನ್ನು ರಾಬರ್ಟ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಮೊಣಕಾಲೂರಿದ್ದೇ ತಡ, ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು. ತಂದೆತಾಯಿಯ ಮಾತು ಕೇಳಲಿಲ್ಲ, ಒಡಹುಟ್ಟಿದವರ ಜೊತೆ…

“ನಿಲ್ಲು ನಿಲ್ಲು” ಎಂದರು ಫಾದರ್. “ನಿನ್ನ ತಂದೆ ಇದ್ದಾರಾ?”

“ಇಲ್ಲ ಫಾದರ್. ತೀರಿ ಹೋಗಿ ಒಂಬತ್ತು ವರ್ಷ ಆಯ್ತು.”

“ಮತ್ತೆ ಅವರ ಮಾತು ಹೇಗೆ ಮೀರಿದ್ದು ಮಾರಾಯ?”

ಮುದುಕರು ನಗಲಿಲ್ಲ. ಕಾದರು. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು, ನಲವತ್ತು ಸೆಕೆಂಡು ಯಾವಾಗಲೋ ದಾಟಿ ಹೋಗಿತ್ತು. ಆಗ, ಪಟ್ಟಿಯಲ್ಲಿ ಎಲ್ಲೂ ಇಲ್ಲದ ಮಾತು ರಾಬರ್ಟನ ಬಾಯಿಂದ ಬಿತ್ತು.

“ಕುಡೀತೇನೆ ಫಾದರ್. ಕುಡಿದು ಮಗುವನ್ನು ಕೂರಿಸಿಕೊಂಡು ಗಾಡಿ ಬಿಡ್ತೇನೆ.”

ಒಂದು ಸಲ ಹೊರಟ ಮೇಲೆ ಅದು ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಬಿದ್ದದ್ದು, ಆಲ್ತಾರಿನ ಆಣೆ, ಸ್ಟೆಪ್ನಿಯ ಕೆಳಗಿನ ಫ್ಲಾಸ್ಕು, ಏಲಕ್ಕಿ, ಕಷಾಯ, ಮಗಳ ಹಾಳೆಯ ನಾಲ್ಕನೇ ಸಾಲು, ಕ್ಲೊಟಿಲ್ಡಾ ಬಾಯಿಯ ಪೇರಳೆ ಪಟ್ಟಿ, ಎಲ್ಲ ಹೇಳಿದ. ಇಷ್ಟು ವರ್ಷ ಪಾದ್ರಿಗಳ ಮುಂದೆಯೂ ಮುಚ್ಚಿಟ್ಟೆ, ನನ್ನ ಹಿಂದಿನ ಪಾಪನಿವೇದನೆಗಳೆಲ್ಲ ಸುಳ್ಳು ಎಂದು ಅತ್ತ. ಬಿಡುತ್ತೇನೆಂದು ಹೇಳಲೂ ಹೆದರಿಕೆ, ಎಷ್ಟು ಸಲ ಹೇಳಿ ಆಯಿತು ಎಂದ.

ಫಾದರ್ ಲಾರೆನ್ಸ್ ಅವಸರ ಮಾಡಲಿಲ್ಲ. ಬಿಡುವ ಮನಸ್ಸು ಉಂಟಾ ಎಂದಷ್ಟೇ ಕೇಳಿದರು. ಉಂಟು ಎಂದ. ಹಾಗಾದರೆ ಅಷ್ಟನ್ನು ದೇವರಿಗೆ ಕೊಡು, ಬಾಕಿಯ ಬಲ ಅವನು ಕೊಡುತ್ತಾನೆ ಎಂದರು. ಬಿದ್ದರೆ ಆ ದಿನವೇ ಬಾ, ತಿಂಗಳು ಕಾಯಬೇಡ, ಆ ಪೇರಳೆ ಪಟ್ಟಿ ಮಾತ್ರ ಇನ್ನು ತರಬೇಡ ಎಂದರು. ಕೈ ನಡುಗುವುದಕ್ಕೆ ಡಾಕ್ಟರಿಗೆ ತೋರಿಸಲೇಬೇಕೆಂದೂ, ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಒಂದು ಕೂಟ ಮನಾಮಾದಲ್ಲೇ ಉಂಟೆಂದೂ ಹೇಳಿದರು. ಪ್ರಾಯಶ್ಚಿತ್ತಕ್ಕೆ ನಮೋ ಮರಿಯಾ ಕೊಡಲಿಲ್ಲ.

“ಮಗುವಿನ ಸರದಿ ಬರುವ ಮೊದಲು ಹೋಗಿ ನಿನ್ನದನ್ನು ಅವಳ ಕೈಯಿಂದ ತಕ್ಕೋ. ಅದೇ ಪ್ರಾಯಶ್ಚಿತ್ತ.”

ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತುಗಳನ್ನು ಹೇಳಿದರು. ಆ ಮಾತುಗಳನ್ನು ರಾಬರ್ಟ್ ನೂರಾರು ಸಲ ಕೇಳಿದ್ದ. ತನಗೇ ಹೇಳಿದ್ದೆಂದು ಅನಿಸಿದ್ದು ಅಂದೇ. ಎದ್ದಾಗ ಕಾಲು ಜೋಮು ಹಿಡಿದಿತ್ತು, ಎದೆ ಮಾತ್ರ ಹಗುರಾಗಿತ್ತು. ಸಾಲಿನವರು ಗಡಿಯಾರ ನೋಡಿ ದುರುಗುಟ್ಟಿದರು.

ಬ್ರಿಜಿಟ್ ಮಕ್ಕಳ ಸಾಲಿನಲ್ಲಿ ಏಳನೆಯವಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದಳು. ಅವನು ಪಕ್ಕಕ್ಕೆ ಕರೆದು ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಅದು ಕಷಾಯ ಅಲ್ಲ, ವಿಸ್ಕಿ ಎಂದ. ನಿನ್ನ ಕೈಯಲ್ಲಿ ಮುಚ್ಚಿಡಿಸಿದ್ದು ನಾನು, ಪಾಪ ನನ್ನದು, ಈಗಷ್ಟೇ ಹೇಳಿ ಬಂದೆ, ನಿನ್ನ ನಾಲ್ಕನೇ ಸಾಲು ಹೊಡೆದುಬಿಡು ಎಂದ.

ಹುಡುಗಿ ಯೋಚಿಸಿದಳು. ತಾಯಿಯ ಮಗಳು ಅವಳು. “ಮಮ್ಮಿಗೆ ಹೇಳಿದ್ಯಾ?”

“ಸಂಜೆ ಹೇಳ್ತೇನೆ.”

“ಹೇಳಿದ ಮೇಲೆ ಹೊಡೀತೇನೆ.”

ಸಾಲು ಮುಂದೆ ಸರಿಯಿತು. ಅವಳ ಮುಂದೆ ಈಗ ನಾಲ್ಕೇ ಮಕ್ಕಳು. ಐವಿ ವಾರ್ಡಿನಲ್ಲಿರುವ ಹೊತ್ತು. ಹೇಳಿದರೆ ಈ ಸಲ ಪೆಟ್ಟಿಗೆ ತುಂಬುವುದು ನಿಲ್ಲಲಿಕ್ಕಿಲ್ಲ ಎಂದು ರಾಬರ್ಟನಿಗೆ ಗೊತ್ತಿತ್ತು. ಹೇಳದಿದ್ದರೆ ಈ ಮಗು ಆ ಸಾಲನ್ನು ಹೊತ್ತುಕೊಂಡು ಒಳಗೆ ಹೋಗುತ್ತಿತ್ತು. ಮೊಬೈಲ್ ತೆಗೆದು ಒತ್ತಿದ.

ಐವಿ ಗಾಬರಿಯಿಂದಲೇ ಎತ್ತಿದಳು. ಅವನು ಸುತ್ತಿಬಳಸದೆ ಹೇಳಿದ, ಕಾರಿನಲ್ಲಿ ಮಗು ಇರುತ್ತಿದ್ದದ್ದನ್ನೂ ಬಿಡಲಿಲ್ಲ. ಕುಡಿತದ ಅನುಮಾನ ಅವಳಿಗಿತ್ತು, ದಿನಾ ಸಂಜೆ ಬಾಗಿಲು ತೆರೆದಾಗ ಮೂಗಿಗೆ ಬಡಿಯುತ್ತಿದ್ದ ಏಲಕ್ಕಿ ಅವಳಿಗೆ ಸುಳ್ಳು ಹೇಳಿರಲಿಲ್ಲ. ಕೇಳಲು ಹೆದರಿ ಸುಮ್ಮನಿದ್ದಳು. ಮಗುವಿನ ವಿಷಯ ಅವಳಿಗೆ ಗೊತ್ತಿರಲಿಲ್ಲ.

“ನನ್ನ ಮಗುವನ್ನು ಕೂರಿಸಿಕೊಂಡು?” ಎಂದಳು. “ಇವತ್ತು?”

“ಇವತ್ತು ಮುಟ್ಟಲಿಲ್ಲ.”

“ನಾನು ಹೇಗೆ ನಂಬುದು, ರಾಬರ್ಟ್?”

ನಂಬಬೇಕಾದ ಕಾರಣವನ್ನು ಅವನೇ ತಿಂದು ಮುಗಿಸಿದ್ದ. ಬ್ರಿಜಿಟ್ ತುದಿಗಾಲಲ್ಲಿ ನಿಂತು, ಅವನ ಗಲ್ಲ ಹಿಡಿದು ಬಗ್ಗಿಸಿ, ಬಾಯಿಯ ಹತ್ತಿರ ಮೂಗಿಟ್ಟು ಉಸಿರೆಳೆದಳು. ಆಮೇಲೆ ಮೊಬೈಲ್ ಕಸಿದುಕೊಂಡು, “ಮಮ್ಮಿ, ಹೌದು, ಕುಡೀಲಿಲ್ಲ. ನಾನು ನೋಡಿದೆ” ಎಂದಳು.

ಐವಿ ಅತ್ತದ್ದು ಇಬ್ಬರಿಗೂ ಕೇಳಿಸಿತು. ಗಾಡಿ ಅಲ್ಲೇ ಇರಲಿ, ಕೀ ನನ್ನ ಕೈಗೆ ಬರಬೇಕು, ಡ್ಯೂಟಿ ಮುಗಿಸಿ ನಾನೇ ಬರುತ್ತೇನೆ, ಅಲ್ಲಿಯವರೆಗೆ ಇಬ್ಬರೂ ಇಗರ್ಜಿ ಬಿಟ್ಟು ಅಲ್ಲಾಡಬೇಡಿ ಎಂದಳು. ಬರುತ್ತೇನೆ ಎಂದಳಲ್ಲ! ರಾಬರ್ಟನಿಗೆ ಅಷ್ಟೇ ಸಾಕಾಗಿತ್ತು, ಗೋಡೆಗೊರಗಿ ಕೂತುಬಿಟ್ಟ. ಮಗಳು ಅವನ ಜೇಬಿನಿಂದ ಪೆನ್ನು ತೆಗೆದು, ಅವನ ತೊಡೆಯ ಮೇಲೆಯೇ ಹಾಳೆಯಿಟ್ಟು, ನಾಲ್ಕನೇ ಸಾಲನ್ನು ಹಾಳೆ ಹರಿಯುವಷ್ಟು ಒತ್ತಿ ಹೊಡೆದು, ಓಡಿ ಹೋಗಿ ತನ್ನ ಜಾಗದಲ್ಲಿ ನಿಂತಳು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದು ಹೇಳಿದರೆ ನಾನೂ ಪೇರಳೆ ಪಟ್ಟಿ ಓದಿದಂತಾಗುತ್ತದೆ. ಆ ಸಂಜೆ ಐವಿಯೇ ಫ್ಲಾಸ್ಕನ್ನು ಮೋರಿಗೆ ಸುರಿದಳು. ವಾರಗಟ್ಟಲೆ ಅವನೊಡನೆ ಅಳೆದು ಮಾತಾಡಿದಳು. ಕಾರಿನ ಕೀ ಅವಳ ಬ್ಯಾಗಿನಲ್ಲೇ ಇತ್ತು, ರಾಬರ್ಟ್ ಸೀಫ್‌ಗೆ ಕಂಪೆನಿ ಬಸ್ಸಿನಲ್ಲಿ ಹೋಗಿಬಂದ. ಡಾಕ್ಟರನ್ನೂ ಕಂಡ, ಕೂಟಕ್ಕೂ ಹೋದ, ಶುಕ್ರವಾರ ತಪ್ಪದೆ ಫಾದರ್ ಲಾರೆನ್ಸರ ಮುಂದೆ ಹತ್ತು ನಿಮಿಷ ಮೊಣಕಾಲೂರಿದ. ಹಿಂದಿನವರು ಶಪಿಸಿದರು. ಮೂರನೇ ವಾರ ಒಂದು ಸಲ ಬಿದ್ದ. ಬಿದ್ದ ದಿನವೇ ಐವಿಗೆ ಹೇಳಿದ, ಟ್ಯಾಕ್ಸಿ ಹಿಡಿದು ಇಗರ್ಜಿಗೆ ಹೋದ. ಅದಾದ ಮೇಲೆ ಬೀಳಲಿಲ್ಲ.

ಮೇ ತಿಂಗಳಲ್ಲಿ ಬ್ರಿಜಿಟಳ ಪರಮಪ್ರಸಾದದ ಹಿಂದಿನ ದಿನ ಐವಿ ಸಾಮಾನಿನ ಚೀಟಿ ಕೊಟ್ಟು ಅವನನ್ನು ಕೆಳಗೆ ಕಳಿಸಿದಳು. ಅಬ್ದುಲ್ ಹಕೀಂ ಅವನನ್ನು ಕಂಡು, ಎಂತ ರಾಬರ್ಟಣ್ಣ, ಎರಡು ತಿಂಗಳಿಂದ ನನ್ನ ಏಲಕ್ಕಿ ಹಾಗೇ ಕೂತಿದೆ, ನನ್ನ ಮೇಲೆ ಕೋಪವಾ ಎಂದು ಕೇಳಿದ. ಕೋಪ ಎಂಥದ್ದೂ ಇಲ್ಲ, ಕುಡಿದ ವಾಸನೆ ಮುಚ್ಚಲು ತಕ್ಕೊಳ್ತಿದ್ದೆ, ಈಗ ಕುಡಿಯುವುದಿಲ್ಲ ಎಂದ ರಾಬರ್ಟ್. ಹೇಳಿಬಿಟ್ಟು ಅವನಿಗೇ ಆಶ್ಚರ್ಯವಾಯಿತು. ಹಕೀಂ ಒಂದು ಗಳಿಗೆ ಅವನ ಮುಖ ನೋಡಿ, ಅಲ್‌ಹಮ್ದುಲಿಲ್ಲಾ ಎಂದು, ಸಾಮಾನಿನ ಚೀಟಿ ಓದತೊಡಗಿದ. ಚೀಟಿಯ ಕೊನೆಯಲ್ಲಿ ಏಲಕ್ಕಿ ಎಂದಿತ್ತು.

ಐವಿ ಹೆಸರುಬೇಳೆ ಪಾಯಸಕ್ಕೆ ಇಟ್ಟಿದ್ದಳು. ಪೊಟ್ಟಣ ಬಿಡಿಸಿ ಕಾಯಿಗಳನ್ನು ಜಜ್ಜಿದಾಗ ಘಮ್ಮೆಂದು ಅಡುಗೆಮನೆ ತುಂಬಿತು. ಆ ವಾಸನೆಗೆ ಅವಳ ಕೈ ಒಮ್ಮೆ ನಿಂತಿತು. ತಿರುಗಿ ಬಾಗಿಲಲ್ಲಿದ್ದ ಗಂಡನ ಹತ್ತಿರ ಬಂದು, ಮಗಳು ಮಾಡಿದ ಹಾಗೆಯೇ, ಅವನ ಗಲ್ಲ ಹಿಡಿದು ಮೂಗಿಟ್ಟು ಉಸಿರೆಳೆದುಕೊಂಡಳು. ಅವನ ಬಾಯಲ್ಲಿ ಚಹಾದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಐವಿ ಒಳಗೆ ಹೋಗಿ ತನ್ನ ಬ್ಯಾಗಿನಿಂದ ಕಾರಿನ ಕೀ ತೆಗೆದು ಅವನ ಅಂಗೈಯಲ್ಲಿಟ್ಟಳು.

“ನಾಳೆ ಬೇಗ ಹೊರಡ್ಬೇಕು” ಎಂದಳು. “ಗಾಡಿ ನೀನೇ ಬಿಡು.”