ಮಾರಿತ್ ಹೊಲಿದ ಅಂಚು

ಮೂವತ್ತೊಂದು ವರ್ಷ ನಮ್ಮ ದ್ವೀಪದ ಪ್ರಾರ್ಥನಾಮಂದಿರದ ನೆಲಮಾಳಿಗೆಯಲ್ಲಿ ದೃಢೀಕರಣದ ಮಕ್ಕಳಿಗೆ, ಅಂದರೆ ಹದಿಹರೆಯದಲ್ಲಿ ಸಭೆಯ ಮುಂದೆ ನಿಂತು ತಮ್ಮ ನಂಬಿಕೆಯನ್ನು ಒಪ್ಪಿಕೊಳ್ಳಲಿರುವವರಿಗೆ, ಪಾಠ ಹೇಳಿದ್ದೇನೆ. ಒಂದು ತಪ್ಪು ಮಾತನ್ನೂ ಕಲಿಸಿಲ್ಲ ಎಂದು ಬೀಗುತ್ತಿದ್ದೆ. ಈಗ ಆ ಬೀಗುವಿಕೆಯೇ ನನಗೆ ಮುಳ್ಳಾಗಿದೆ.

ಕಳೆದ ಅಕ್ಟೋಬರಿನಲ್ಲಿ ದೇವರ ರಾಜ್ಯದ ಪಾಠ ನಡೆಯುತ್ತಿತ್ತು. ಮುಂದೆ ಕೂತಿದ್ದ ಹುಡುಗಿಯರದ್ದೆಲ್ಲ ಬುನಾದಿನದೇ ಮಾತು. ಬುನಾದ್ ಎಂದರೆ ದೃಢೀಕರಣದ ದಿನಕ್ಕೆಂದು ಮನೆಯಲ್ಲಿ ಕಸೂತಿ ಹಾಕಿ ಹೊಲಿಯುವ ಉಣ್ಣೆಯ ಉಡುಗೆ, ಎದೆಗೆ ಬೆಳ್ಳಿಯ ಪದಕ. ನನಗೆ ರೇಗಿತು.

"ಮೇ ತಿಂಗಳಲ್ಲಿ ಎಲ್ಲರೂ ಬಿಳಿ ನಿಲುವಂಗಿ ಹಾಕ್ಕೊಂಡು ನಿಲ್ತೀರಿ. ಅದರೊಳಗೆ ಏನು ಉಟ್ಟಿದೀರಿ ಅಂತ ದೇವರು ನೋಡಲ್ಲ. ನುಸಿ ತಿನ್ನೋದನ್ನ, ತುಕ್ಕು ಹಿಡಿಯೋದನ್ನ ನೆಚ್ಕೋಬೇಡಿ. ಆತನ ರಾಜ್ಯ ಒಂದೇ ಉಳಿಯೋದು."

"ಬೆಳ್ಳಿಗೆ ತುಕ್ಕು ಹಿಡಿಯಲ್ಲ ಟೀಚರ್," ಎಂದ ಟ್ರುಲ್ಸ್ ಹಿಂದಿನ ಸಾಲಿನಿಂದ.

"ಕಪ್ಪಾಗುತ್ತೆ ಕಣೋ, ನಿನ್ನ ನಾಲಿಗೆ ಥರ."

ಎಲ್ಲರೂ ನಕ್ಕರು, ಸಿಗ್ನೆ ಒಬ್ಬಳನ್ನು ಬಿಟ್ಟು. ಅವಳು ನಾನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಒಬ್ಬಳಿಗಾದರೂ ನಾಟಿತಲ್ಲ ಎಂದು ಹಿಗ್ಗಿದೆ.

ಸಿಗ್ನೆಯ ತಾಯಿ ಮಾರಿತ್ ಹಾಸಿಗೆ ಹಿಡಿದು ಆಗಲೇ ನಾಲ್ಕು ತಿಂಗಳು. ದಿಂಬಿಗೆ ಒರಗಿ ಮಗಳ ಬುನಾದ್ ಹೊಲಿಯುತ್ತಿದ್ದಾಳೆಂದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಸಾಯೋ ಹೊತ್ತಲ್ಲೂ ಇವಳಿಗೆ ಶೋಕಿ ಬೇಕೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದೂ ನಿಜ. ಮುಚ್ಚಿಟ್ಟು ಏನು ಮಾಡಲಿ?

ಮುಂದಿನ ವಾರ ಪಾಠ ಮುಗಿದ ಮೇಲೆ ಸಿಗ್ನೆ ಹತ್ತಿರ ಬಂದಳು.

"ಬುನಾದ್ ಬೇಡ ಅಂತ ಅಮ್ಮಂಗೆ ಹೇಳ್ಬಿಟ್ಟೆ ಟೀಚರ್. ಅದು ಲೋಕದ ಆಸೆ ಅಂದೆ."

"ಅಮ್ಮ ಏನಂದ್ಲು?"

"ಆಯ್ತು ಪುಟ್ಟಿ ಅಂದ್ಲು. ಸೂಜೀನ ದಿಂಬಿಗೆ ಚುಚ್ಚಿಟ್ಳು."

"ಭೇಷ್ ಮಗಳೇ," ಎಂದು ನಾನು ಅವಳ ಬೆನ್ನು ತಟ್ಟಿದೆ.

ಫೆಬ್ರವರಿಯಲ್ಲಿ ಮಾರಿತ್ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಸಿಗ್ನೆ ಒಂದು ಗಂಟು ಹಿಡಿದುಕೊಂಡು ನನ್ನ ಮನೆಗೆ ಬಂದಳು. ಕಾಫಿ ಮೇಜಿನ ಮೇಲೆ ಅದನ್ನು ಬಿಚ್ಚಿದಳು. ಕಪ್ಪು ಉಣ್ಣೆಯ ಲಂಗ. ಅಂಚಿನ ಮೇಲ್ಗಡೆ ಕೆಂಪು, ನೀಲಿ ಹೂಗಳ ಸಾಲು ಅರ್ಧ ಸುತ್ತು ಬಂದು ನಿಂತಿತ್ತು.

ನಮ್ಮಲ್ಲಿ ಯಾರೇ ಆಗಲಿ ಹೂ ಮೊದಲು ಹಾಕುತ್ತಾರೆ, ಹೊಲಿಗೆ ಆಮೇಲೆ. ಮಾರಿತ್ ಉಲ್ಟಾ ಮಾಡಿದ್ದಳು. ಲಂಗವನ್ನು ಪೂರ್ತಿ ಹೊಲಿದಿಟ್ಟು ಹೂವಿಗೆ ಕೈಹಾಕಿದ್ದಳು.

"ಇಲ್ಲಿ ಯಾಕೆ ಟೀಚರ್ ಇಷ್ಟೊಂದು ಬಟ್ಟೆ ಒಳಗೆ ಮಡಚಿದಾಳೆ?" ಸಿಗ್ನೆ ಅಂಚನ್ನು ತಿರುಗಿಸಿ ತೋರಿಸಿದಳು. ನಾಲ್ಕು ಬೆರಳು ಅಗಲದ ಮಡಿಕೆ. ಸೊಂಟದ ಎರಡೂ ಪಕ್ಕದಲ್ಲಿ ಅಷ್ಟೇ ಅಗಲ.

"ನೀನು ಉದ್ದ ಆದಾಗ ಬಿಚ್ಚಿ ಇಳಿಸೋಕೆ. ಸೊಂಟದ್ದು... ನಿನಗೆ ಮಕ್ಕಳಾದ ಮೇಲೆ ಸಡಿಲ ಮಾಡೋಕೆ. ಹಬ್ಬಕ್ಕೆ, ಮದುವೆಗೆ ಸಾಯೋತನಕ ಇದೊಂದನ್ನೇ ಉಡೋದು ತಾನೇ."

"ಆಗ ತಾನು ಇರಲ್ಲ ಅಂತ ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಗಳೇ. ಅದಕ್ಕೇ ಹೊಲಿಗೆ ಮೊದಲು ಮುಗಿಸಿದ್ಲು."

ಅವಳು ಮಡಿಕೆಯ ಮೇಲೆ ಬೆರಳಾಡಿಸಿದಳು. "ನಾನು ಬೇಡ ಅಂದೆ," ಎಂದಳು. "ನೀವು ಹೇಳಿದ್ರಿ ಅಂತ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಉಳಿದ ಹೂಗಳನ್ನು ನಾನೇ ಹಾಕಿಕೊಡುತ್ತೇನೆ ಎಂದು ಗೋಗರೆದೆ. ಅವಳು ತಲೆಯಲ್ಲಾಡಿಸಿ ಗಂಟು ಕಟ್ಟಿದಳು.

"ಬೇಡ ಟೀಚರ್. ಹಿಂಗೇ ಉಟ್ಕೋತೀನಿ."

ಮೇ ತಿಂಗಳಲ್ಲಿ ಹದಿಮೂರು ಮಕ್ಕಳು ಬಿಳಿ ನಿಲುವಂಗಿಯಲ್ಲಿ ನಿಂತರು. ಸಿಗ್ನೆಯ ಸರದಿ ಬಂದಾಗ ಪಾದ್ರಿಗಳು ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಮೊಣಕಾಲೂರಿದ್ದರಿಂದ ನಿಲುವಂಗಿ ಹಿಂದೆ ತುಸು ಮೇಲಕ್ಕೆ ಸರಿದು ಲಂಗದ ಅಂಚು ಕಾಣಿಸಿತು. ಎಡಗಡೆ ಮಾರಿತಳ ಹೂಗಳು. ಬಲಗಡೆ ಬರೀ ಕಪ್ಪು ಉಣ್ಣೆ.

ಆ ಬರಿದು ಜಾಗ ನನ್ನ ಕೈಕೆಲಸ.