ಬೀಗ ಹಾಕದೆ ಬಾರದ ಕೀಲಿ

ಶಟರ್ ಮೇಸ್ತ್ರಿಗೆ ಆ ಸದ್ದೇ ಎಲ್ಲವನ್ನೂ ಹೇಳಿತು. ಮೊದಲು ತಲೆಯ ಮೇಲೆ, ಸುರುಳಿಯ ಒಳಗೆಲ್ಲೋ, ಟಣ್ ಎಂದು ಚಿಕ್ಕದೊಂದು ಸದ್ದು. ಅದು ಸ್ಪ್ರಿಂಗ್ ಮುರಿದದ್ದು. ಅದರ ಬೆನ್ನಿಗೇ ಇಡೀ ತಗಡು ಧಡಾರನೆ ಕೆಳಗಿಳಿಯಿತು. ಎಡಗಡೆ ನೆಲ ಕಚ್ಚಿತು. ಬಲಗಡೆ ಮಾತ್ರ ತಗಡು ಜಾರುವ ಪಕ್ಕದ ಚಾನಲ್ಲಿನಿಂದ ಜಿಗಿದು, ನೆಲದಿಂದ ಎರಡು ಬೆರಳು ಮೇಲೆ ಸೊಟ್ಟಗೆ ಸಿಕ್ಕಿಕೊಂಡಿತು. ಮೇಸ್ತ್ರಿ ಒಳಗಿದ್ದ. ಅವನ ಸುತ್ತ ಚಿನ್ನದಂಗಡಿ ಇತ್ತು.

"ಬಾವಾ," ಹೊರಗಿನಿಂದ ಭಾಮೈದನ ಪಿಸುದನಿ. "ಯಾರಿಗೂ ಕಾಣದ ಹಾಗೆ ಮೆಲ್ಲಗೆ ಇಳಿಸು ಅಂದ್ರಿ, ಮೆಲ್ಲಗೇ ಇಳಿಸಿದೆ. ಇದೇನು ಸದ್ದು?"

"ಸ್ಪ್ರಿಂಗ್ ಹೋಯ್ತು."

"ಹೋಯ್ತು ಅಂದ್ರೆ? ಎಲ್ಲಿಗೆ?"

ಮೇಸ್ತ್ರಿ ಮಂಡಿಯೂರಿದ. ಬಗ್ಗಿ, ಆ ಎರಡು ಬೆರಳಿನ ಸಂದಿಯಲ್ಲಿ ಕೈ ತೂರಿಸಿ ಎತ್ತಿ ನೋಡಿದ. ಎತ್ತುವ ಮೊದಲೇ ಗೊತ್ತಿತ್ತು. ಸ್ಪ್ರಿಂಗ್ ಇರುವ ಶಟರನ್ನು ಹೆಂಗಸರೂ ಒಂದೇ ಕೈಯಲ್ಲಿ ಎತ್ತುತ್ತಾರೆ. ಸ್ಪ್ರಿಂಗ್ ಹೋದ ಶಟರಿಗೆ ಹಾರೆ ಬೇಕು, ಮೂರು ನಾಲ್ಕು ಜನ ಬೇಕು.

ಈ ಸ್ಪ್ರಿಂಗ್ ಸೋತಿದೆ ಎಂಬುದೂ ಅವನಿಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ಇದೇ ಅಂಗಡಿಗೆ ಎಣ್ಣೆ ಬಿಡಲು ಬಂದವನು ಬದಲಾಯಿಸೋಣ ಎಂದು ಯಜಮಾನನಿಗೆ ಹೇಳಿದ್ದ. ಮುಂದಿನ ತಿಂಗಳು ಮೋಟಾರ್ ಶಟರ್ ಬರುತ್ತೆ, ಇನ್ನು ಯಾಕೆ ಎಂದಿದ್ದ ಯಜಮಾನ. ಸೋತ ಸ್ಪ್ರಿಂಗು ಇನ್ನೊಂದು ಸಲ ಎತ್ತಿ ಇಳಿಸುವುದಕ್ಕೆ ಏನೂ ಆಗಲಾರದು ಎಂದು ಇವತ್ತು ಮೇಸ್ತ್ರಿ ಅಂದುಕೊಂಡಿದ್ದ. ಇಪ್ಪತ್ತೆಂಟು ವರ್ಷದ ಕಸುಬಿನವನು ಬೇರೆಯವರು ಹೀಗೆ ಅಂದಿದ್ದರೆ ಉಗಿಯುತ್ತಿದ್ದ.

ಅವತ್ತು ಬೀದಿಗೆ ವಾರದ ರಜೆ, ಮಧ್ಯಾಹ್ನ ಒಂದು ಗಂಟೆ. ಪಕ್ಕದ ಬಟ್ಟೆ ಅಂಗಡಿಯ ಕಾವಲುಗಾರ ಊಟಕ್ಕೆ ಹೋದರೆ ಎರಡರ ಹತ್ತಿರಕ್ಕೇ ಬರುವುದು. ಹತ್ತು ನಿಮಿಷದ ಕೆಲಸ ಎಂದು ಲೆಕ್ಕ ಹಾಕಿದ್ದು ಭಾಮೈದ. ಹೆಂಡತಿಯ ಈ ತಮ್ಮನಿಗೆ ಮನೆಯಲ್ಲಿ ಮಿನಿಸ್ಟರ್ ಎಂದು ಹೆಸರು, ಬರೀ ಭರವಸೆ ಕೊಡುತ್ತಾನೆ ಎಂದು. ಎಂಟು ತಿಂಗಳಿಂದ ಮೇಸ್ತ್ರಿಯ ಮನೆಯಲ್ಲೇ ಇದ್ದ.

ಹಾರದ ವಿಷಯ ಹೊರಗೆ ಬಿದ್ದದ್ದು ಊಟದ ಹೊತ್ತಿನಲ್ಲಿ, ಮಗಳ ಬಾಯಿಂದ. ಅವಳು ಈ ಚಿನ್ನದಂಗಡಿಯಲ್ಲೇ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಎರಡು ವರ್ಷಕ್ಕೇ ಅಂಗಡಿಯ ಎರಡನೇ ಕೀಲಿ ಅವಳ ಕೈಗೆ ಬಂದಿತ್ತು. "ಒಂದು ಹಸಿರು ಹರಳಿನ ಹಾರ ಬಂದಿದೆ, ಕೊಂಡಿ ಸರಿ ಮಾಡೋಕೆ," ಎಂದಿದ್ದಳು. "ತಿಜೋರೀಲೂ ಇಟ್ಟಿಲ್ಲ, ರಿಪೇರಿ ಡ್ರಾಯರಲ್ಲೇ ಬಿದ್ದಿದೆ. ಕ್ಯಾಮೆರಾ ಕೆಟ್ಟು ತಿಂಗಳಾಯ್ತು. ಯಜಮಾನ್ರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ." ಅಂಗಡಿ ತನ್ನದೇ ಎಂಬ ಹಾಗೆ ಸಿಡುಕಿದ್ದಳು. ಮಿನಿಸ್ಟರ್ ಅಗಿಯುವುದನ್ನು ನಿಲ್ಲಿಸಿದ್ದ.

ಆಮೇಲೆ ಮೂರು ದಿನ ಬಾವನ ಕಿವಿ ಊದಿದ. "ಮೋಟಾರ್ ಬಂದ ಮೇಲೆ ನಿಮ್ಮನ್ನ ಯಾರು ಕರೀತಾರೆ ಬಾವಾ? ಗುಂಡಿ ಒತ್ತೋಕೆ ಮೇಸ್ತ್ರಿ ಬೇಕಾ?" ಆ ಬೀದಿಯಲ್ಲೇ ಏಳು ಅಂಗಡಿಗೆ ಮೋಟಾರ್ ಬಂದಿತ್ತು. ಏಳು ಕಡೆಯೂ ಶಟರಿನ ಕೆಳಪಟ್ಟಿಯಲ್ಲಿ ಬಣ್ಣದಲ್ಲಿ ಬರೆದಿದ್ದ ಮೇಸ್ತ್ರಿಯ ಫೋನ್ ನಂಬರು ಹಳೇ ತಗಡಿನ ಜೊತೆ ಗುಜರಿಗೆ ಹೋಗಿತ್ತು.

ಇವತ್ತು ಬೆಳಿಗ್ಗೆ ಮಗಳು ತಲೆಸ್ನಾನಕ್ಕೆ ಹೋದಾಗ ಮೇಸ್ತ್ರಿ ಅವಳ ಚೀಲದಿಂದ ಕೀಲಿ ತೆಗೆದ. ಎರಡು ಗಂಟೆಗೆ ಮತ್ತೆ ಚೀಲದೊಳಗಿರುತ್ತದೆ. ಒಳಗೆ ಹೋಗುವುದು ತಾನೇ ಎಂದ. ಮಿನಿಸ್ಟರನ್ನು ಒಳಗೆ ಬಿಟ್ಟರೆ ಅಂಗಡಿಯನ್ನೇ ಹೊತ್ತು ತರುವವನು. ಒಂದೇ ಒಂದು ಹಾರ, ಮತ್ತೇನನ್ನೂ ಮುಟ್ಟುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಭಾಮೈದ ಶಟರ್ ಇಳಿಸುತ್ತಿರುವಾಗಲೇ ಡ್ರಾಯರಿನಿಂದ ತೆಗೆದ ಆ ಹಾರ ಈಗ ಜೇಬಿನಲ್ಲಿತ್ತು.

"ಬೀಗದಲ್ಲಿರೋ ಕೀಲಿ ತಗೋ," ಎಂದ ಮೇಸ್ತ್ರಿ ಸಂದಿಗೆ ಬಾಯಿಟ್ಟು. "ಮೊದಲು ಕೀಲಿ ತಗೊಂಡು ಮನೆಗೆ ಹೋಗು. ಅವಳ ಚೀಲದಲ್ಲಿಡು. ನನ್ನ ವಿಷಯ ಆಮೇಲೆ."

ಹೊರಗೆ ಕೀಲಿ ಕಿಟಿಕಿಟಿ ಎಂದಿತು. ನಿಂತಿತು. ಮತ್ತೆ ಕಿಟಿಕಿಟಿ.

"ಬರ್ತಾ ಇಲ್ಲ ಬಾವಾ."

ಮೇಸ್ತ್ರಿಗೆ ತಕ್ಷಣ ಅರ್ಥವಾಯಿತು.

ಆ ಬೀಗ ಅವನೇ ಹುಡುಕಿ ತಂದದ್ದು. ಹಿಂದಿನ ಕೆಲಸಗಾರನೊಬ್ಬ ಶಟರ್ ಎಳೆದು ಬೀಗ ಹಾಕುವುದನ್ನೇ ಮರೆತು ಮನೆಗೆ ಹೋಗಿದ್ದ. ಆಗ ಮೇಸ್ತ್ರಿ ಇದನ್ನು ತಂದು ತೋರಿಸಿದ್ದ. "ನೋಡಿ ಯಜಮಾನ್ರೇ, ಬೀಗ ಹಾಕಿದ್ರೇನೇ ಕೀಲಿ ಕೈಗೆ ಬರೋದು. ಹಾಕದೇ ಇದ್ರೆ ಕೀಲಿ ಅಲ್ಲೇ ಹಿಡಕೊಂಡಿರುತ್ತೆ. ಮರೆಯೋ ಮಾತೇ ಇಲ್ಲ." ಮನೆಯಲ್ಲೂ ಇದನ್ನು ಹತ್ತು ಸಲ ಹೇಳಿ ಹೆಂಡತಿ ಮಗಳಿಂದ ನಗಿಸಿಕೊಂಡಿದ್ದ. ಈಗ ಬೀಗ ಹಾಕಬೇಕೆಂದರೆ ಅದರ ನಾಲಿಗೆ ಚಾನಲ್ಲಿನ ತೂತಿಗೆ ಹೋಗಬೇಕು. ಶಟರ್ ಸೊಟ್ಟಗಿರುವಾಗ ನಾಲಿಗೆ ಒಂದು ಕಡೆ, ತೂತು ಒಂದು ಕಡೆ.

"ಅವಳ ಗೊಂಚಲು ಬಿಚ್ಚಿಕೊಂಡು ಬರೀ ಕೀಲಿ ಬಿಟ್ಟು ಹೋಗ್ಲಾ?"

"ಕೀಲಿ ಮೇಲೇ ನಂಬರ್ ಎರಡು ಅಂತ ಹೊಡೆದಿದೆ. ಒಂದು ಯಜಮಾನಂದು, ಎರಡು ಅವಳದು."

"ಯಾವನು ಹೊಡೆದಿದ್ದು?"

"ನಾನೇ."

ಹೊರಗೆ ಕೀಲಿ ಮತ್ತೆ ಕಿಟಿಕಿಟಿ ಎಂದಿತು.

"ಮುರಿ," ಎಂದ ಮೇಸ್ತ್ರಿ. "ಕೀಲಿ ತಲೆ ಮುರಿದುಬಿಡು. ಚೂರು ಒಳಗೆ ಉಳಿದರೂ ಚಿಂತೆಯಿಲ್ಲ." ತನ್ನ ಹತಾರದ ಚೀಲದಿಂದ ಸಂದಿಯಲ್ಲಿ ತೂರುವಂಥದ್ದನ್ನು ಹುಡುಕಿದ. ಕಟಿಂಗ್ ಪ್ಲೇಯರ್ ದಪ್ಪವಾಯಿತು. ಸುತ್ತಿಗೆಯೂ ತೂರಲಿಲ್ಲ. ಒಂದು ಸ್ಕ್ರೂಡ್ರೈವರ್ ಹೋಯಿತು.

"ಬಾವಾ, ಮೊದಲು ಅದನ್ನ ಕೊಟ್ಟುಬಿಡಿ."

"ಯಾವುದನ್ನ?"

"ಹಾರ. ಹೆಂಗೂ ನೀವು ಒಳಗಿದೀರಿ. ಇಬ್ಬರೂ ಬರಿಗೈಯಲ್ಲಿ ಸಿಕ್ಕಿ ಏನು ಪ್ರಯೋಜನ?"

"ಕೀಲಿ ಮುರಿ, ಆಮೇಲೆ ಕೊಡ್ತೀನಿ."

"ಕೊಡಿ, ಮುರೀತೀನಿ. ನನ್ನ ಅಕ್ಕನ ಮಗಳಲ್ವಾ ಅವಳು?"

ವಾದ ಮಾಡುವ ಹೊತ್ತು ಅದಲ್ಲ. ಮೇಸ್ತ್ರಿ ಹಾರವನ್ನು ಸಂದಿಯಲ್ಲಿ ತಳ್ಳಿದ. ಹಸಿರು ಹರಳುಗಳು ಸಿಮೆಂಟಿನ ಮೇಲೆ ಒಂದೊಂದಾಗಿ ಗರಗರ ಎನ್ನುತ್ತ ಹೋದವು. ಭಾಮೈದ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಬೇಕು. ಸ್ಕ್ರೂಡ್ರೈವರನ್ನು ಗೊಂಚಲಿನ ಉಂಗುರಕ್ಕೆ ಸಿಕ್ಕಿಸಿ ತಿರುಚಿದ, ಬೈದ, ಮತ್ತೆ ತಿರುಚಿದ. ಉಂಗುರ ಕಿತ್ತು ಬಂತು. ಕೀಲಿ ಬಗ್ಗಲೂ ಇಲ್ಲ. ಒಳ್ಳೆ ಗಟ್ಟಿ ಕಬ್ಬಿಣದ್ದು. ಅದೂ ಮೇಸ್ತ್ರಿಯ ಆಯ್ಕೆಯೇ.

ಆಗ ದೂರದಲ್ಲಿ ಒಂದು ಕೆಮ್ಮು ಕೇಳಿಸಿತು. ಕಾವಲುಗಾರ ಅವತ್ತು ಬೇಗ ಉಂಡಿದ್ದ.

"ಬಾವಾ, ಕ್ಷಮಿಸಿ," ಎಂದ ಮಿನಿಸ್ಟರ್. ಬೀಗ ಕಾಣದ ಹಾಗೆ ಬೀದಿಯ ರಟ್ಟಿನ ಡಬ್ಬವೊಂದನ್ನು ಅಡ್ಡಕ್ಕೆ ತಳ್ಳಿ, ಕಾಲಿಗೆ ಬುದ್ಧಿ ಹೇಳಿದ.

ಕಾವಲುಗಾರ ಬಂದು ಶಟರಿನ ಮುಂದೆ ನಿಂತ. "ಯಾಕೋ ಇದು ಸೊಟ್ಟಗಿದೆಯಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಬಗ್ಗಿ, ಕೆಳಪಟ್ಟಿಯಲ್ಲಿ ಬರೆದದ್ದನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದತೊಡಗಿದ. ಮೇಸ್ತ್ರಿಗೆ ಆ ಹತ್ತು ಅಂಕಿಗಳು ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿದ್ದವು. ಏಳನೇ ಅಂಕಿಗೆ ಫೋನನ್ನು ಜೇಬಿನಿಂದ ತೆಗೆದ. ಒಂಬತ್ತನೆಯದಕ್ಕೆ ಸದ್ದು ತೆಗೆದುಹಾಕಿದ. ಫೋನು ಅಂಗೈಯಲ್ಲಿ ನಡುಗಿತು.

"ಎತ್ತೋದೇ ಇಲ್ಲ ಈ ಮನುಷ್ಯ," ಎಂದ ಕಾವಲುಗಾರ, ಶಟರಿನ ಆ ಕಡೆಯಿಂದ, ಒಂದು ಮೊಳದ ದೂರದಲ್ಲಿ. "ನಂಬರ್ ಮಾತ್ರ ಇಷ್ಟು ದಪ್ಪಕ್ಕೆ ಬರೆದವ್ನೆ." ಆಮೇಲೆ ಯಜಮಾನನಿಗೆ ಫೋನ್ ಮಾಡಿದ.

ಯಜಮಾನನ ಕರೆ ಬಂದಾಗ ಮೇಸ್ತ್ರಿ ಹಿಂದಿನ ಕೋಣೆಗೆ ಓಡಿದ. ಎತ್ತದಿದ್ದರೆ ಬೇರೆ ಯಾರನ್ನಾದರೂ ಕರೆಸುತ್ತಾರೆ. ತಿಜೋರಿಗೆ ಮುಖ ಹಚ್ಚಿ, "ಹಲೋ," ಎಂದ.

"ಮೇಸ್ತ್ರಿ, ಶಟರ್ ಸೊಟ್ಟಗೆ ನಿಂತಿದೆಯಂತೆ. ಎಲ್ಲಿದೀರಿ?"

"ದೂರ ಇದೀನಿ ಯಜಮಾನ್ರೇ. ಎರಡು ಗಂಟೆಯಾದ್ರೂ ಬೇಕು. ಬೇರೆಯವರು ಯಾರೂ ಮುಟ್ಟೋದು ಬೇಡ, ತಗಡು ಹರಿದುಹೋಗುತ್ತೆ."

"ಸರಿ ಬನ್ನಿ. ಅಲ್ಲೀವರೆಗೆ ನಿಮ್ಮ ಮಗಳು ನಿಂತಿರಲಿ. ನಾನೂ ಊಟ ಮುಗಿಸಿ ಬರ್ತೀನಿ."

"ಅವಳು ಯಾಕೆ ಸುಮ್ಮನೆ—"

"ನನಗೆ ಅವಳಿಗಿಂತ ನಂಬಿಕಸ್ತರು ಇನ್ಯಾರಿದಾರೆ ಮೇಸ್ತ್ರಿ?" ಎಂದು ನಕ್ಕು ಯಜಮಾನ ಫೋನ್ ಇಟ್ಟ.

ಮೇಸ್ತ್ರಿ ಮಗಳಿಗೆ ಫೋನ್ ಮಾಡಿದ. ಬರಬೇಡ ಎನ್ನಬೇಕಿತ್ತು. ಅವಳ ಫೋನು ಕಾರ್ಯನಿರತ. ಮತ್ತೆ ಮಾಡಿದ. ಯಜಮಾನನೇ ಅವಳ ಜೊತೆ ಮಾತಾಡುತ್ತಿರಬೇಕು. ಮೂರನೇ ಸಲ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಬೀದಿ ಸದ್ದಿನಲ್ಲಿ ನಡೆಯುವಾಗ ಅವಳಿಗೆ ಎಂದೂ ಫೋನ್ ಕೇಳಿಸುವುದಿಲ್ಲ. ಮನೆ ಹತ್ತು ನಿಮಿಷದ ದಾರಿ. ಫೋನನ್ನು ಕೌಂಟರಿನ ಗಾಜಿನ ಮೇಲಿಟ್ಟು ಅವನು ಶಟರಿಗೆ ಕಿವಿ ಹಚ್ಚಿ ಕೂತ.

ಬಂದಳು. "ಊಟ ಆಯ್ತಾ ಅಣ್ಣ?" ಎಂದು ಕಾವಲುಗಾರನನ್ನು ಕೇಳಿದಳು. ಅವನು ತನ್ನ ಕುರ್ಚಿಗೆ ಹೋದ. ಅವಳು ರಟ್ಟಿನ ಡಬ್ಬವನ್ನು ಕಾಲಿನಿಂದ ಸರಿಸಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಸಂದಿಯಲ್ಲಿ ಅವಳ ಚಪ್ಪಲಿಯ ತುದಿ ಅಲುಗಾಡದೆ ನಿಂತಿತ್ತು.

ಚೀಲದ ಜಿಪ್ಪು ಸರ್ರನೆ ತೆರೆಯಿತು. ಅವಳು ಹುಡುಕಿದಳು. ಇಲ್ಲ. ಆಮೇಲೆ ಅಪ್ಪನಿಗೆ ಫೋನ್ ಮಾಡಿದಳು.

ಗಾಜಿನ ಮೇಲೆ ಫೋನು ಗುರ್ರೆಂದಿತು. ಅಂಗಡಿಯೆಲ್ಲ ತುಂಬುವಷ್ಟು ಸದ್ದು. ಮೇಸ್ತ್ರಿ ಎದ್ದು ಓಡುವಷ್ಟರಲ್ಲಿ ಅವಳು ಕರೆ ಕತ್ತರಿಸಿದಳು. ಸದ್ದು ನಿಂತಿತು. ಅವಳು ಮತ್ತೆ ಮಾಡಿದಳು. ಗುರ್ರೆಂದಿತು. ಕತ್ತರಿಸಿದಳು. ನಿಂತಿತು. ಮೂರನೇ ಸಲ ಮಾಡಲಿಲ್ಲ.

"ಅಪ್ಪ," ಎಂದಳು, ಸಂದಿಯ ಹತ್ತಿರ ಕುಕ್ಕರಿಸಿ.

"ಹೂಂ."

"ಜೊತೆಗೆ ಯಾರಿದಾರೆ?"

"ಯಾರೂ ಇಲ್ಲ. ನಿಮ್ಮ ಮಾವ ಹೋದ."

"ಹಾರ?"

"ಅವನ ಹತ್ರ."

ಅವಳು ಕೀಲಿಯನ್ನು ಎಳೆದಳು. ಎರಡು ಕೈಯಲ್ಲಿ ಎಳೆದಳು. ಅವಳ ಏದುಸಿರು ತಗಡಿಗೆ ಬಡಿಯುತ್ತಿತ್ತು.

"ಬರಲ್ಲ ಪುಟ್ಟಿ. ಬೀಗ ಹಾಕದೆ ಅದು ಬರಲ್ಲ."

"ಗೊತ್ತು," ಎಂದಳು. "ಹತ್ತು ಸಲ ಹೇಳಿದೀರಿ." ನಗುವಿನಂಥದ್ದೇನೋ ಬಂದು ಅರ್ಧಕ್ಕೆ ನಿಂತಿತು. "ಅಮ್ಮಂಗೆ ಗೊತ್ತಾ?"

"ಇಲ್ಲ. ಕೇಳಿಲ್ಲಿ. ಈಗಲೇ ಯಜಮಾನ್ರಿಗೆ ಫೋನ್ ಮಾಡು. ಅಪ್ಪ ನನ್ನ ಕೀಲಿ ಕದ್ದು ಒಳಗೆ ಹೋಗಿದಾರೆ ಅನ್ನು. ಅವರು ಬಂದು ನೋಡೋ ಮೊದಲು ನೀನೇ ಹೇಳಿದ್ರೆ ನೀನು ಉಳ್ಕೋತೀಯ. ನೋಡಿದ ಮೇಲೆ ಹೇಳಿದ್ರೆ ಯಾರೂ ನಂಬಲ್ಲ."

"ಮಾಡ್ತೀನಿ."

"ಮಾಡು."

"ಮಾಡ್ತೀನಿ ಅಂದ್ನಲ್ಲ."

ಅವಳು ಶಟರಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಳು, ಕೀಲಿಗೆ ಮೈ ಅಡ್ಡವಾಗುವ ಹಾಗೆ. ಈ ಕಡೆ ಅವನೂ ತಗಡಿಗೆ ಬೆನ್ನು ಕೊಟ್ಟು ಕೂತಿದ್ದ. ಇಬ್ಬರ ನಡುವೆ ಒಂದು ಕೂದಲೆಳೆ ದಪ್ಪದ ತಗಡು. ಐದು ನಿಮಿಷವಾಯಿತು. "ಮಾಡಿದ್ಯಾ?" ಎಂದ. ಹತ್ತು ನಿಮಿಷವಾಯಿತು. "ನಿನ್ನ ಕಾಲಿಗೆ ಬೀಳ್ತೀನಿ, ಮಾಡು," ಎಂದ. "ಸುಮ್ಮನಿರಿ ಅಪ್ಪ, ಕಾವಲಣ್ಣ ನೋಡ್ತಾನೆ," ಎಂದಳು. ಅರ್ಧ ಗಂಟೆಯಾಯಿತು. ಅವಳು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡೇ ಇದ್ದಳೇನೋ. ಅವನಿಗೆ ಕಾಣಿಸುತ್ತಿದ್ದದ್ದು ಅವಳ ದುಪಟ್ಟಾದ ಅಂಚು ಮಾತ್ರ.

ಕಾರು ಬಂತು. ಬಾಗಿಲು ಹಾಕಿದ ಸದ್ದು.

"ಅಪ್ಪ ಇನ್ನೂ ಬಂದಿಲ್ವೇನಮ್ಮಾ?" ಎಂದ ಯಜಮಾನ. "ಏಳು, ಬಿಸಿಲಲ್ಲಿ ಯಾಕೆ ಕೂತಿದೀಯ."

ಅವಳು ಏಳಲಿಲ್ಲ. ಇನ್ನೊಮ್ಮೆ ಹೇಳಿದ ಮೇಲೆ ಎದ್ದಳು.

"ಇದ್ಯಾರ ಕೀಲಿ?"

ಮೇಸ್ತ್ರಿ ಬಾಯಿ ತೆರೆದ. ಅವನ ದನಿ ಬರುವ ಮೊದಲೇ ಅವಳ ದನಿ ಬಂತು.

"ನಂದು."

"ಕದ್ದಿದ್ದು!" ಎಂದು ಒಳಗಿನಿಂದ ಕೂಗಿದ. ಸುತ್ತಿಗೆಯಿಂದ ತಗಡಿಗೆ ಬಡಿದ. "ಯಜಮಾನ್ರೇ, ನಾನು ಕದ್ದಿದ್ದು. ಅವಳಿಗೆ ಏನೂ ಗೊತ್ತಿಲ್ಲ. ಚೀಲದಿಂದ ತೆಗೆದಿದ್ದು ನಾನು."

ಯಜಮಾನ ಶಟರಿಗೆ ಉತ್ತರ ಕೊಡಲಿಲ್ಲ. ಅವಳನ್ನೇ ಕೇಳಿದ, ಸಿಟ್ಟಿಲ್ಲದ ದನಿಯಲ್ಲಿ. "ಒಳಗೆ ನಿಮ್ಮಪ್ಪ ಇದಾರೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

ಸಂದಿಯಲ್ಲಿ ಅವಳ ಚಪ್ಪಲಿ ಒಂದು ಹೆಜ್ಜೆ ಹಿಂದೆ ಹೋಯಿತು.

"ನೀನು ಬಂದು ಅರ್ಧ ಗಂಟೆ ಆಯ್ತಂತೆ, ಕಾವಲುಗಾರ ಹೇಳಿದ. ಕೀಲಿ ಮರೆ ಮಾಡ್ಕೊಂಡು ಕೂತಿದ್ದೆ. ನನ್ನ ನಂಬರ್ ನಿನ್ನ ಹತ್ರ ಇರ್ಲಿಲ್ವಾ?"

ಮೇಸ್ತ್ರಿ ಒಳಗೆ ಸುತ್ತಿಗೆ ಕೆಳಗಿಟ್ಟ. ದೂರ ಇದೀನಿ ಎಂದು ಸುಳ್ಳು ಹೇಳಿ ಅವಳನ್ನು ಆ ಮೆಟ್ಟಿಲ ಮೇಲೆ ತಂದು ಕೂರಿಸಿದ್ದು ಅವನೇ.

ಯಜಮಾನ ಪೊಲೀಸರಿಗೆ ಫೋನ್ ಮಾಡಿದ. ಆಮೇಲೆ ಕಾವಲುಗಾರನನ್ನೂ ಪಕ್ಕದ ಬೀದಿಯ ಗ್ಯಾರೇಜಿನ ಇಬ್ಬರನ್ನೂ ಕರೆಸಿದ. "ಮೇಸ್ತ್ರಿ," ಎಂದ, ಈಗ ಮೊದಲ ಸಲ ಶಟರಿನ ಕಡೆ ತಿರುಗಿ. "ಅವರು ಬರೋದು ತಡವಾಗುತ್ತಂತೆ. ಅಲ್ಲೀವರೆಗೆ ಇದಕ್ಕೆ ಬೀಗ ಹಾಕಬೇಕು. ಹೆಂಗೆ ನೆಟ್ಟಗೆ ಮಾಡೋದು, ಹೇಳಿ."

ಮೇಸ್ತ್ರಿ ಹೇಳಿದ. ಬೇರೇನೂ ಮಾಡಲಿಕ್ಕಿರಲಿಲ್ಲ. "ಎಡಗಡೆ ಹಾರೆ ಹಾಕಿ. ಮೂರೂ ಜನ ಒಟ್ಟಿಗೆ ಒತ್ತಿ, ಎರಡು ಬೆರಳು ಎತ್ತಿದ್ರೆ ಸಾಕು. ಬಲಗಡೆ ನಾನು ಒಳಗಿಂದ ಹೊಡೀತೀನಿ. ಚಾನಲ್ಲಿಗೆ ಕೂತ ತಕ್ಷಣ ಮೆಲ್ಲಗೆ ಬಿಡಿ. ಕಾಲು ದೂರ ಇಟ್ಕೊಳ್ಳಿ. ಪುಟ್ಟೀ, ನೀನು ಹಿಂದೆ ಸರಿ."

ಹಾರೆ ಕಿರ್ರೆಂದಿತು. ಅವನು ಸುತ್ತಿಗೆ ಎತ್ತಿ ಮೂರು ಪೆಟ್ಟು ಹಾಕಿದ, ಜಾಗ ನೋಡಿ, ಒಳ್ಳೆ ಕೆಲಸಗಾರನ ಪೆಟ್ಟು. ಪಟ್ಟಿ ಚಾನಲ್ಲಿಗೆ ಕೂತಿತು. ಶಟರ್ ನೆಟ್ಟಗೆ ನೆಲಕ್ಕಿಳಿಯಿತು. ನಾಲಿಗೆ ತೂತಿನ ಎದುರಿಗೆ ಬಂತು. ಯಜಮಾನ ಕೀಲಿ ತಿರುಗಿಸಿದ. ಕಟಕ್ ಎಂದು ಬೀಗ ಬಿದ್ದು, ಕೀಲಿ ಸಲೀಸಾಗಿ ಅವನ ಕೈಗೆ ಬಂತು.

ಅವನು ಅದನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡದ್ದು, ಒಂದನೇ ಕೀಲಿ ಎರಡನೆಯದಕ್ಕೆ ತಾಗಿ ಸದ್ದಾದದ್ದು ಮೇಸ್ತ್ರಿಗೆ ಕೇಳಿಸಿತು. ಆ ಎರಡು ಬೆರಳಿನ ಸಂದಿ ಮುಚ್ಚಿಹೋಗಿತ್ತು. ಹೊರಗೆ ಮಗಳು ಇನ್ನೂ ನಿಂತಿದ್ದಾಳೋ ಇಲ್ಲವೋ, ನೋಡಲು ದಾರಿಯಿರಲಿಲ್ಲ.